ಒಂದೇ ಮಾದರಿ, ಎರಡು ಅಂಕಿ: ಮೂತ್ರದಲ್ಲಿ ಹಾರ್ಮೋನುಗಳನ್ನು ಅಳೆಯುವ ಬಗೆಗಳು

ಪ್ರೌಢಶಾಲೆಯ ಜೀವಶಾಸ್ತ್ರದಲ್ಲಿ ನಿರ್ನಾಳ ಗ್ರಂಥಿಗಳ ಪಾಠವು ಸಾಮಾನ್ಯವಾಗಿ ಒಂದು ಕೋಷ್ಟಕದೊಂದಿಗೆ ಮುಗಿದುಹೋಗುತ್ತದೆ. ಗ್ರಂಥಿಯ ಹೆಸರು, ಅದು ಸ್ರವಿಸುವ ಹಾರ್ಮೋನು, ಹಾರ್ಮೋನಿನ ಕಾರ್ಯ, ಕೊರತೆಯಿಂದ ಬರುವ ತೊಂದರೆ. ಪರೀಕ್ಷೆಯ ದೃಷ್ಟಿಯಿಂದ ಇಷ್ಟು ಸಾಕು. ಕಣ್ಣಿಗೆ ಕಾಣದ ಆ ವಸ್ತು ದೇಹದಲ್ಲಿ ಎಷ್ಟಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಪಠ್ಯದಲ್ಲಿ ಏಳುವುದೇ ಇಲ್ಲ. ಆದರೆ ಗಡಿನಾಡಿನ ಶಿಕ್ಷಕರಿಗೆ ಆ ಪ್ರಶ್ನೆ ಶಾಲೆಯ ಅಂಗಳದಲ್ಲಿಯೇ ಎದುರಾಗುವುದುಂಟು. ಪ್ರಯೋಗಾಲಯದ ವರದಿಗಳು ಇಂಗ್ಲಿಷಿನಲ್ಲಿರುತ್ತವೆ. ಓದಿ ಹೇಳೆಂದು ಪಾಲಕರು ಅವನ್ನು ಹಿಡಿದು ಬರುತ್ತಾರೆ. ಮೂತ್ರದ ಕಾರ್ಟಿಸೋಲ್ ಒಂದು ವರದಿಯಲ್ಲಿ 90 ಮೈಕ್ರೋಗ್ರಾಂ ಎಂದಿದ್ದು, ತಿಂಗಳೊಳಗೆ ಬೇರೊಂದು ಪ್ರಯೋಗಾಲಯ ಕೊಟ್ಟ ವರದಿಯಲ್ಲಿ 42 ಎಂದಿದ್ದರೆ, "ಇದರಲ್ಲಿ ಸುಳ್ಳು ಯಾವುದು ಮಾಷ್ಟ್ರೇ?" ಎಂದು ಕೇಳುವುದು ಸಹಜ. ಎರಡೂ ಸುಳ್ಳಾಗಿರಬೇಕಿಲ್ಲ. ಅದು ಹೇಗೆಂಬುದನ್ನು ವಿವರಿಸಬೇಕಾದರೆ ಅಳತೆಯ ವಿಧಾನಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಬೇಕು.

ಮೊದಲು ಮೂತ್ರಕ್ಕೆ ಬರುವುದೇನು ಎಂಬುದು ಸ್ಪಷ್ಟವಾಗಬೇಕು. ಸ್ಟೀರಾಯ್ಡ್ ವರ್ಗದ ಹಾರ್ಮೋನುಗಳು ಕೊಬ್ಬಿನ ಗುಣದವು. ನೀರಿನಲ್ಲಿ ಸುಲಭವಾಗಿ ಕರಗವು. ಅವುಗಳನ್ನು ಹೊರಹಾಕಬೇಕಾದರೆ ಯಕೃತ್ತು ಎರಡು ಕೆಲಸಗಳನ್ನು ಮಾಡುತ್ತದೆ. ಅಣುವಿನ ರಚನೆಯನ್ನು ಸ್ವಲ್ಪ ಮಾರ್ಪಡಿಸಿ ಅದರ ಶಕ್ತಿಯನ್ನು ಕುಂದಿಸುತ್ತದೆ. ಬಳಿಕ ಅದಕ್ಕೆ ಗ್ಲುಕುರೋನಿಕ್ ಆಮ್ಲವನ್ನೋ ಸಲ್ಫೇಟನ್ನೋ ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಹೀಗೆ ರೂಪಾಂತರಗೊಂಡ ವಸ್ತುವೇ ಮೆಟಬೊಲೈಟ್. ಚಯಾಪಚಯದಿಂದ ಹುಟ್ಟಿದ್ದು ಎಂಬ ಅರ್ಥದಲ್ಲಿ ಅದನ್ನು 'ಚಯಾಪಚಯಜ' ಎಂದು ಕರೆಯಬಹುದು. ಪ್ರೊಜೆಸ್ಟೆರಾನ್ ಮೂತ್ರದಲ್ಲಿ ಮುಖ್ಯವಾಗಿ ಪ್ರೆಗ್ನೇನ್‌ಡಯೋಲ್ ಆಗಿ ಕಾಣಿಸುತ್ತದೆ. ಟೆಸ್ಟೋಸ್ಟೆರಾನಿನ ಬಹುಭಾಗ ಆಂಡ್ರೋಸ್ಟೆರೋನ್ ಮತ್ತು ಅದರ ಜೊತೆಯ ಇಟಿಯೋಕೊಲನೋಲೋನ್ ಆಗಿರುತ್ತದೆ. ಕಾರ್ಟಿಸೋಲ್ ತನ್ನ ಮೂಲರೂಪದಲ್ಲಿ ಹೊರಬರುವುದು ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ರಕ್ತದ ಪರೀಕ್ಷೆ ಆ ಕ್ಷಣದ ಚಿತ್ರವನ್ನು ಕೊಟ್ಟರೆ, ಮೂತ್ರದ ಪರೀಕ್ಷೆ ಹಲವು ಗಂಟೆಗಳ ಲೆಕ್ಕವನ್ನು ಒಟ್ಟುಗೂಡಿಸಿ ಕೊಡುತ್ತದೆ. ಸೂಜಿಯ ನೋವೂ ಇಲ್ಲ. ಆದರೆ ಆ ಲೆಕ್ಕ ಬರೆದಿರುವುದು ಹಾರ್ಮೋನಿನ ಹೆಸರಿನಲ್ಲಲ್ಲ, ಅದರ ರೂಪಾಂತರಗಳ ಹೆಸರಿನಲ್ಲಿ. ವಿಧಾನಗಳ ಭಿನ್ನತೆ ಆರಂಭವಾಗುವುದು ಇಲ್ಲಿಂದಲೇ.

ಪ್ರಮಾಣದ ಅಂದಾಜು ಮಕ್ಕಳಿಗೆ ಸಿಗಬೇಕಾದರೆ ಒಂದು ಪ್ರಸಂಗವನ್ನು ಹೇಳಬಹುದು. ಜರ್ಮನಿಯ ರಸಾಯನವಿಜ್ಞಾನಿ ಅಡಾಲ್ಫ್ ಬುಟೆನಾಂಟ್ 1931ರಲ್ಲಿ ಆಂಡ್ರೋಸ್ಟೆರೋನನ್ನು ಮೊದಲ ಬಾರಿಗೆ ಬೇರ್ಪಡಿಸಿದಾಗ ಬಳಸಿದ್ದು ಸುಮಾರು 15,000 ಲೀಟರ್ ಮೂತ್ರ. ಅದನ್ನು ಬರ್ಲಿನ್ನಿನ ಪೊಲೀಸರಿಂದ ಸಂಗ್ರಹಿಸಲಾಗಿತ್ತು. ಕೊನೆಗೆ ಕೈಗೆ ಸಿಕ್ಕಿದ್ದು 15 ಮಿಲಿಗ್ರಾಂ.

ಆಗಿನ ಕಾಲದಲ್ಲಿ ಅಳತೆಯ ಸಾಧನವೆಂದರೆ ಜೀವಂತ ಪ್ರಾಣಿ. ಬರ್ಲಿನ್ನಿನಲ್ಲಿಯೇ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೊಂಡೆಕ್ 1927ರ ಸುಮಾರಿಗೆ ಗರ್ಭಿಣಿಯರ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ಬಳಿಕ ಅವುಗಳ ಅಂಡಾಶಯಗಳಲ್ಲಿ ಆದ ಬದಲಾವಣೆಯನ್ನು ಪರಿಶೀಲಿಸುತ್ತಿದ್ದರು. ಮುಂದೆ ಇಲಿಯ ಬದಲು ಮೊಲ ಬಂದಿತು, ಆಫ್ರಿಕದ ಒಂದು ಜಾತಿಯ ಕಪ್ಪೆಯೂ ಬಂದಿತು. ಕಪ್ಪೆಯನ್ನು ಕೊಲ್ಲಬೇಕಿರಲಿಲ್ಲ, ಅದು ಒಂದು ದಿನದೊಳಗೆ ಮೊಟ್ಟೆಯಿಟ್ಟರೆ ಗರ್ಭ ನಿಂತಿದೆಯೆಂದು ತೀರ್ಮಾನ. ಈ ವಿಧಾನಗಳು ಅಳೆಯುತ್ತಿದ್ದುದು ಹಾರ್ಮೋನಿನ ಪರಿಣಾಮವನ್ನು. ಆದ್ದರಿಂದ ಹೌದು ಅಥವಾ ಇಲ್ಲ ಎಂಬ ಉತ್ತರಕ್ಕೆ ಅವು ತಕ್ಕವು. ಶಕ್ತಿ ಕಳೆದುಕೊಂಡು ಮೂತ್ರಕ್ಕೆ ಬಂದ ಚಯಾಪಚಯಜಗಳನ್ನು ಅವು ಗುರುತಿಸಲಾರವು.

ಆ ಕೆಲಸಕ್ಕೆ ರಸಾಯನಶಾಸ್ತ್ರವೇ ಬೇಕಾಯಿತು. 1935ರಲ್ಲಿ ಝಿಮ್ಮರ್‌ಮನ್ ಎಂಬ ಜರ್ಮನ್ ವಿಜ್ಞಾನಿ ಪ್ರಕಟಿಸಿದ ಕ್ರಿಯೆಯಲ್ಲಿ, ಅಣುವಿನ ಹದಿನೇಳನೆಯ ಇಂಗಾಲದ ಬಳಿ ಕೀಟೋನ್ ಗುಂಪುಳ್ಳ ಸ್ಟೀರಾಯ್ಡುಗಳು ಮೆಟಾಡೈನೈಟ್ರೋಬೆಂಜೀನ್ ಮತ್ತು ಕ್ಷಾರದೊಡನೆ ಸೇರಿ ನೇರಳೆ ಬಣ್ಣ ತಳೆಯುತ್ತವೆ. ಬಣ್ಣ ಎಷ್ಟು ಗಾಢವೋ ಪ್ರಮಾಣ ಅಷ್ಟು ಹೆಚ್ಚು. ಅಗ್ಗದ ವಿಧಾನ; ದಶಕಗಳ ಕಾಲ ಆಸ್ಪತ್ರೆಗಳು ಇದನ್ನೇ ನಂಬಿದ್ದವು. ಇದರಲ್ಲಿದ್ದ ತೊಡಕು ಸಣ್ಣದಲ್ಲ. ಟೆಸ್ಟೋಸ್ಟೆರಾನಿನ ಅಣುವಿನಲ್ಲಿ ಆ ಸ್ಥಾನದಲ್ಲಿ ಕೀಟೋನ್ ಗುಂಪಿಲ್ಲ. ಹಾಗಾಗಿ ಬಲಶಾಲಿಯಾದ ಆ ಹಾರ್ಮೋನು ಎಣಿಕೆಗೇ ಬರುವುದಿಲ್ಲ. ಅಡ್ರಿನಲ್ ಗ್ರಂಥಿಯಿಂದ ಹೇರಳವಾಗಿ ಬರುವ, ದುರ್ಬಲವಾದ ಸ್ಟೀರಾಯ್ಡುಗಳು ಎಣಿಕೆಯಲ್ಲಿ ಮುಂದೆ ನಿಲ್ಲುತ್ತವೆ. ಗಂಡಸರಲ್ಲಿ ಹೀಗೆ ಎಣಿಕೆಯಾಗುವುದರ ಮೂರರಲ್ಲಿ ಎರಡು ಪಾಲು ಅಡ್ರಿನಲ್ಲಿನದು. ಆ ಅಂಕಿಯನ್ನು ಪುರುಷತ್ವದ ಅಳತೆಯೆಂದು ಓದಿದವರು ತಪ್ಪು ಪ್ರಶ್ನೆಗೆ ಸಿಕ್ಕ ಸರಿಯಾದ ಉತ್ತರವನ್ನು ಹಿಡಿದುಕೊಂಡಿದ್ದರು.

ಬಣ್ಣದ ವಿಧಾನಗಳ ಮತ್ತೊಂದು ತೊಡಕನ್ನು ಬಾಳೆಹಣ್ಣಿನ ಉದಾಹರಣೆಯಿಂದ ಚೆನ್ನಾಗಿ ತೋರಿಸಬಹುದು. ಅಡ್ರಿನಾಲಿನ್ ವರ್ಗದ ಹಾರ್ಮೋನುಗಳ ಕೊನೆಯ ಚಯಾಪಚಯಜವಾದ ವ್ಯಾನಿಲಿಲ್‌ಮ್ಯಾಂಡೆಲಿಕ್ ಆಮ್ಲವನ್ನು ಹಿಂದೆ ಬಣ್ಣದ ಕ್ರಿಯೆಯಿಂದಲೇ ಅಳೆಯುತ್ತಿದ್ದರು. ಕಾಫಿ, ವೆನಿಲ್ಲಾ, ಬಾಳೆಹಣ್ಣು ಮುಂತಾದವುಗಳಲ್ಲಿರುವ ಫೀನಾಲ್ ವಸ್ತುಗಳೂ ಅದೇ ಬಣ್ಣವನ್ನು ಕೊಡುತ್ತಿದ್ದುದರಿಂದ, ಪರೀಕ್ಷೆಗೆ ಮೊದಲು ಅವನ್ನು ತಿನ್ನಬಾರದೆಂಬ ಪಥ್ಯವಿತ್ತು. ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆಯಿದೆಯೇ ಎಂಬ ಗಂಭೀರ ಅನುಮಾನವನ್ನು ಎರಡು ಲೋಟ ಕಾಫಿ ಹುಟ್ಟಿಸಬಹುದಿತ್ತು. ಇನ್ನೂ ನಿಖರವಾದ ವಿಧಾನ ಬಂದ ಮೇಲೆ ಈ ತಪ್ಪು ಬಹುಮಟ್ಟಿಗೆ ನಿವಾರಣೆಯಾಯಿತು. ಈಗ ಸೆರೊಟೋನಿನ್ನಿನ ಚಯಾಪಚಯಜವನ್ನು ನೋಡಿ. ಐದು-ಹೈಡ್ರಾಕ್ಸಿಇಂಡೋಲ್ ಅಸಿಟಿಕ್ ಆಮ್ಲ ಎಂಬ ಉದ್ದ ಹೆಸರಿನ ಆ ವಸ್ತುವಿನ ಪರೀಕ್ಷೆಗೂ ಬಾಳೆಹಣ್ಣು ವರ್ಜ್ಯವೇ. ಆದರೆ ಕಾರಣ ಬೇರೆ. ಬಾಳೆಹಣ್ಣಿನಲ್ಲಿ ಸೆರೊಟೋನಿನ್ ನಿಜವಾಗಿಯೇ ಇದೆ. ತಿಂದವರ ಮೂತ್ರದಲ್ಲಿ ಆ ಆಮ್ಲ ನಿಜವಾಗಿಯೇ ಏರುತ್ತದೆ. ಎಷ್ಟೇ ಬೆಲೆಯ ಯಂತ್ರ ತಂದರೂ ಅದು ಇದ್ದುದನ್ನೇ ಇದೆಯೆಂದು ಹೇಳುತ್ತದೆ. ಮೊದಲನೆಯದು ಅಳತೆಯ ದೋಷ, ಎರಡನೆಯದು ಮಾದರಿಯ ದೋಷ. ವಿಧಾನಗಳನ್ನು ಹೋಲಿಸುವಾಗ ಈ ಎರಡನ್ನು ಬೆರೆಸಬಾರದು.

ಪ್ರತಿಕಾಯಗಳ ಬಳಕೆಯಿಂದ ಅಳತೆಯ ಲೋಕವೇ ಬದಲಾಯಿತು. ಅಮೆರಿಕದ ರೊಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ 1950ರ ದಶಕದ ಕೊನೆಯಲ್ಲಿ ಇನ್ಸುಲಿನ್ನಿಗಾಗಿ ರೂಪಿಸಿದ ವಿಧಾನದಲ್ಲಿ, ವಿಕಿರಣಶೀಲ ಗುರುತು ಹಾಕಿದ ಹಾರ್ಮೋನು ಮತ್ತು ಮಾದರಿಯಲ್ಲಿರುವ ಹಾರ್ಮೋನು ಪ್ರತಿಕಾಯದ ಸೀಮಿತ ಸ್ಥಾನಗಳಿಗಾಗಿ ಪೈಪೋಟಿ ನಡೆಸುತ್ತವೆ. ಮಾದರಿಯಲ್ಲಿ ಹಾರ್ಮೋನು ಹೆಚ್ಚಿದ್ದಷ್ಟೂ ಗುರುತಿನ ಹಾರ್ಮೋನಿಗೆ ಸ್ಥಳ ಕಡಿಮೆ. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಬರ್ಸನ್ ಅದಕ್ಕೆ ಐದು ವರ್ಷ ಮೊದಲೇ ತೀರಿಕೊಂಡಿದ್ದರು. 1971ರಲ್ಲಿ ವಿಕಿರಣದ ಬದಲು ಕಿಣ್ವವನ್ನು ಗುರುತಾಗಿ ಬಳಸುವ ಎಲೈಸಾ ಬಂದಮೇಲೆ ಈ ಪರೀಕ್ಷೆ ಸಾಮಾನ್ಯ ಪ್ರಯೋಗಾಲಯಗಳಿಗೂ ಎಟುಕಿತು. ಒಂದು ಹನಿ ಮಾದರಿ ಸಾಕು, ಒಮ್ಮೆಗೆ ಹತ್ತಾರು ಜನರ ಪರೀಕ್ಷೆ ಮುಗಿಯುತ್ತದೆ, ಖರ್ಚೂ ಹೆಚ್ಚಲ್ಲ.

ಆದರೆ ಪ್ರತಿಕಾಯ ಗುರುತಿಸುವುದು ಅಣುವಿನ ಆಕಾರದ ಒಂದು ಭಾಗವನ್ನು. ಅದೇ ಆಕಾರದ ನೆಂಟರು ಮೂತ್ರದಲ್ಲಿ ಬೇಕಾದಷ್ಟಿರುತ್ತಾರೆ. ಕಾರ್ಟಿಸೋಲಿನ ಪ್ರತಿಕಾಯಕ್ಕೆ ಕಾರ್ಟಿಸೋಲಿನ ಚಯಾಪಚಯಜಗಳೂ ಅಲ್ಪಸ್ವಲ್ಪ ಅಂಟಿಕೊಳ್ಳುತ್ತವೆ. ಅವೂ ಲೆಕ್ಕಕ್ಕೆ ಸೇರಿ ಅಂಕಿ ಉಬ್ಬುತ್ತದೆ. ಆರಂಭದಲ್ಲಿ ಹೇಳಿದ 90 ಮತ್ತು 42ರ ಗುಟ್ಟು ಇದೇ ಆಗಿರಬಹುದು. ದಿನವಿಡೀ ಸಂಗ್ರಹಿಸಿದ ಮೂತ್ರದಲ್ಲಿ ಮುಕ್ತ ಕಾರ್ಟಿಸೋಲಿನ ಮೇಲಿನ ಮಿತಿ ಹಳೆಯ ಪ್ರತಿಕಾಯ ವಿಧಾನಗಳಲ್ಲಿ ಸುಮಾರು 80ರಿಂದ 120 ಮೈಕ್ರೋಗ್ರಾಂ. ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಕ್ರೊಮಟಾಗ್ರಫಿ ವಿಧಾನಗಳಲ್ಲಿ 40ರಿಂದ 50. ಮಿತಿ 100 ಇರುವಲ್ಲಿ 90 ಸಹಜ, ಮಿತಿ 45 ಇರುವಲ್ಲಿ 42ಕ್ಕೂ ಅದೇ ಅರ್ಥ. ಅಪಾಯವಿರುವುದು ಒಂದರ ಅಂಕಿಯನ್ನು ಮತ್ತೊಂದರ ಮಿತಿಯೊಡನೆ ಹೋಲಿಸುವುದರಲ್ಲಿ. 90ನ್ನು 45ರ ಪಕ್ಕದಲ್ಲಿಟ್ಟರೆ ಆರೋಗ್ಯವಂತರು ರೋಗಿಗಳಾಗುತ್ತಾರೆ. 60ನ್ನು 100ರ ಪಕ್ಕದಲ್ಲಿಟ್ಟರೆ ಚಿಕಿತ್ಸೆ ಬೇಕಾದವರು ಮನೆಗೆ ಮರಳುತ್ತಾರೆ.

ಔಷಧದ ಅಂಗಡಿಯಲ್ಲಿ ಸಿಗುವ ಗರ್ಭಪರೀಕ್ಷೆಯ ಪಟ್ಟಿಯೂ ಪ್ರತಿಕಾಯ ವಿಧಾನವೇ. ಅದರಲ್ಲಿ ಎರಡು ಪ್ರತಿಕಾಯಗಳಿರುತ್ತವೆ. ಎಚ್‌ಸಿಜಿ ಎಂಬ ಹಾರ್ಮೋನು ಇಬ್ಬರ ಕೈಯನ್ನೂ ಹಿಡಿದರೆ ಗೆರೆ ಮೂಡುತ್ತದೆ. ಗರ್ಭ ಕೆಲವು ವಾರ ಬೆಳೆದ ಮೇಲೆ ಮೂತ್ರದಲ್ಲಿ ಪೂರ್ಣ ಹಾರ್ಮೋನಿಗಿಂತ ಅದರ ಒಡೆದ ತುಣುಕೊಂದು ಹೆಚ್ಚಾಗುತ್ತದೆ. ಕೆಲವು ಪಟ್ಟಿಗಳಲ್ಲಿ ಈ ತುಣುಕು ಒಂದು ಪ್ರತಿಕಾಯವನ್ನು ಮಾತ್ರ ಆಕ್ರಮಿಸಿಕೊಂಡು, ಇನ್ನೊಂದಕ್ಕೆ ಸಿಗದೆ, ಗೆರೆಯನ್ನು ಮಸುಕಾಗಿಸುತ್ತದೆ. ಎರಡು ತಿಂಗಳು ಕಳೆದ ಗರ್ಭಿಣಿಗೆ 'ಇಲ್ಲ' ಎಂಬ ಉತ್ತರ ಬರುವುದು ಅಪರೂಪಕ್ಕಾದರೂ ಸಾಧ್ಯ. ಮೊದಲ ದಿನಗಳಿಗೆಂದು ಮಾಡಿದ ಪರೀಕ್ಷೆಯನ್ನು ಅದಕ್ಕೇ ಮೀಸಲಿಡುವುದು ಲೇಸು.

ಇನ್ನು ಬೇರ್ಪಡಿಸಿ ಅಳೆಯುವ ವಿಧಾನಗಳು. ಶಾಲೆಯ ಹೋಲಿಕೆಯಿಂದ ಇವು ಮಕ್ಕಳಿಗೆ ಬೇಗ ತಿಳಿಯುತ್ತವೆ. ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳಲ್ಲಿ ಎಂಟನೆಯ ತರಗತಿಯವರೆಷ್ಟು ಎಂದು ಎಣಿಸಬೇಕಾಗಿದೆಯೆಂದುಕೊಳ್ಳೋಣ. ಸಮವಸ್ತ್ರದ ಬಣ್ಣ ನೋಡಿ ಎಣಿಸಿದರೆ ಅದು ಝಿಮ್ಮರ್‌ಮನ್ ಕ್ರಿಯೆ. ಶಾಲೆಯೆಲ್ಲ ಲೆಕ್ಕಕ್ಕೆ ಬಂದೀತು. ಹೆಸರು ಹಿಡಿದು ಕೂಗಿದರೆ ಅದು ಪ್ರತಿಕಾಯ. ಅದೇ ಹೆಸರಿನ ಬೇರೆ ತರಗತಿಯವರೂ ಓಗೊಡುತ್ತಾರೆ. ಎಲ್ಲರನ್ನೂ ಮೈದಾನದ ಆಚೆಗೆ ಓಡಿಸಿ, ಯಾರು ಯಾವ ಹೊತ್ತಿಗೆ ಮುಟ್ಟಿದರೆಂದು ಗುರುತಿಸಿ, ಮುಟ್ಟಿದವರನ್ನು ತಕ್ಕಡಿಯ ಮೇಲೆ ನಿಲ್ಲಿಸಿದರೆ ಅದು ಕ್ರೊಮಟಾಗ್ರಫಿ ಮತ್ತು ರಾಶಿ ರೋಹಿತಮಾಪನ. ಓಟದ ಕಾಲವೂ ತೂಕವೂ ಒಂದೇ ಆದ ಇಬ್ಬರು ಸಿಗುವುದು ಕಷ್ಟ.

ಅನಿಲ ಕ್ರೊಮಟಾಗ್ರಫಿಯಲ್ಲಿ ವಸ್ತುವನ್ನು ಆವಿಯಾಗಿಸಬೇಕು. ಅದಕ್ಕಾಗಿ ಮೊದಲು ಯಕೃತ್ತು ಜೋಡಿಸಿದ್ದ ಗ್ಲುಕುರೋನಿಕ್ ಆಮ್ಲವನ್ನು ಕಿಣ್ವದಿಂದ ಕಳಚಿ, ಬಳಿಕ ಅಣುವಿಗೆ ಸಿಲಿಕಾನ್ ಗುಂಪುಗಳನ್ನು ತೊಡಿಸುತ್ತಾರೆ. ಇಷ್ಟೆಲ್ಲ ಸಿದ್ಧತೆಗೆ ದಿನವೇ ಬೇಕಾಗಬಹುದು. ಪ್ರತಿಫಲವೂ ದೊಡ್ಡದು: ಒಂದೇ ಓಟದಲ್ಲಿ ಹತ್ತಾರು ಸ್ಟೀರಾಯ್ಡುಗಳ ಸಂಪೂರ್ಣ ಚಿತ್ರ ಸಿಗುತ್ತದೆ. ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆಯಿರುವ ಮಗುವಿನಲ್ಲಿ ಯಾವ ಮೆಟ್ಟಿಲಿನಲ್ಲಿ ದಾರಿ ಕಟ್ಟಿದೆಯೆಂಬುದನ್ನು ಆ ಚಿತ್ರದಿಂದ ಓದಬಹುದು, ವೈದ್ಯರು ಅದನ್ನು ಊಹಿಸಿರದಿದ್ದರೂ ಸಹ. ದ್ರವ ಕ್ರೊಮಟಾಗ್ರಫಿಗೆ ಆವಿಯಾಗಿಸುವ ಗೋಜಿಲ್ಲ. ಕೆಲವು ನಿಮಿಷಗಳಲ್ಲಿ ಉತ್ತರ. ಆದರೆ ಅದು ಸಾಮಾನ್ಯವಾಗಿ ಮೊದಲೇ ಪಟ್ಟಿ ಮಾಡಿಕೊಟ್ಟ ವಸ್ತುಗಳನ್ನು ಮಾತ್ರ ಹುಡುಕುತ್ತದೆ. ಒಂದೇ ತೂಕದ ಅವಳಿ ರೂಪಗಳನ್ನು ಬೇರ್ಪಡಿಸುವಲ್ಲಿ ಅನಿಲ ವಿಧಾನದಷ್ಟು ಪಳಗಿಲ್ಲ. ನಿಖರತೆಯ ಮೆಟ್ಟಿಲಿನಲ್ಲಿ ಇದನ್ನು ಕಣ್ಣುಮುಚ್ಚಿ ಮೇಲಿಡುವುದು ಸರಿಯಲ್ಲ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಔಷಧ, ಬೆಳಕಿನ ಹೀರುವಿಕೆಯಿಂದ ಅಳೆಯುವ ದ್ರವ ಕ್ರೊಮಟಾಗ್ರಫಿಯಲ್ಲಿ ಕಾರ್ಟಿಸೋಲಿನ ವೇಷ ಹಾಕಿದ್ದುಂಟು.

ಕಳಚುವ ಹಂತದಲ್ಲಿಯೇ ಎರಡು ಪ್ರಯೋಗಾಲಯಗಳ ದಾರಿ ಬೇರೆಯಾಗಬಹುದು. ಕರುಳಿನ ಬ್ಯಾಕ್ಟೀರಿಯಾದಿಂದ ಪಡೆದ ಕಿಣ್ವ ಗ್ಲುಕುರೋನಿಕ್ ಆಮ್ಲದ ಬಂಧವನ್ನು ಮಾತ್ರ ಕಳಚುತ್ತದೆ. ಸಲ್ಫೇಟಿನ ಬಂಧ ಹಾಗೆಯೇ ಉಳಿಯುತ್ತದೆ. ಯುರೋಪಿನ ಒಂದು ಬಸವನಹುಳುವಿನ ಜೀರ್ಣರಸದಿಂದ ತೆಗೆದ ಕಿಣ್ವದಲ್ಲಿ ಎರಡನ್ನೂ ಕಳಚುವ ಗುಣವಿದೆ, ಜೊತೆಗೆ ಕೆಲವು ಸ್ಟೀರಾಯ್ಡುಗಳ ರೂಪವನ್ನೇ ಬದಲಿಸಿಬಿಡುವ ದುರ್ಗುಣವೂ ಇದೆ. ಹಿಂದಿನವರಂತೆ ಆಮ್ಲ ಹಾಕಿ ಕುದಿಸಿದರೆ ಎಲ್ಲ ಬಂಧಗಳೂ ಮುರಿಯುತ್ತವೆ, ಅಳೆಯಬೇಕಾದ ವಸ್ತುವಿನ ಒಂದಂಶವೂ ಹಾಳಾಗುತ್ತದೆ. ಕೊನೆಯ ಯಂತ್ರ ಒಂದೇ ಕಂಪನಿಯದಾದರೂ ಅಂಕಿಗಳು ಬೇರೆಯಾಗಲು ಇಷ್ಟೇ ಸಾಕು.

ಹಾಗಾದರೆ ಎರಡು ವಿಧಾನಗಳು ಒಪ್ಪುತ್ತವೆಯೆಂದು ಹೇಳುವುದು ಯಾವಾಗ? ಗಣಿತ ಶಿಕ್ಷಕರಿಗೆ ಇದು ಒಳ್ಳೆಯ ಪಾಠ. ಒಂದು ವಿಧಾನ ನಾಲ್ವರ ಮಾದರಿಗೆ 20, 40, 60, 80 ಎಂದೂ ಇನ್ನೊಂದು 40, 80, 120, 160 ಎಂದೂ ಕೊಟ್ಟಿತೆನ್ನೋಣ. ಸಹಸಂಬಂಧದ ಗುಣಾಂಕ ತೆಗೆದರೆ ಪೂರ್ಣ 1 ಬರುತ್ತದೆ. ನಕ್ಷೆಯಲ್ಲಿ ಬಿಂದುಗಳು ಸರಳರೇಖೆಯ ಮೇಲೆಯೇ ಕೂರುತ್ತವೆ. ಆದರೂ ಒಂದು ಇನ್ನೊಂದರ ಎರಡರಷ್ಟು! ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಸೂಚಿಸಿದ್ದು, ಪ್ರತಿ ಮಾದರಿಯ ಎರಡು ಅಂಕಿಗಳ ಸರಾಸರಿಯನ್ನು ಅಡ್ಡಕ್ಕೂ ಅವುಗಳ ವ್ಯತ್ಯಾಸವನ್ನು ಉದ್ದಕ್ಕೂ ಗುರುತಿಸುವ ನಕ್ಷೆಯನ್ನು. ಮೇಲಿನ ಉದಾಹರಣೆಯಲ್ಲಿ ಸರಾಸರಿಗಳು 30, 60, 90, 120. ವ್ಯತ್ಯಾಸಗಳು 20, 40, 60, 80. ಪ್ರಮಾಣ ಏರಿದಂತೆಲ್ಲ ಭಿನ್ನಾಭಿಪ್ರಾಯವೂ ಏರುತ್ತಿರುವುದು ತಟ್ಟನೆ ಕಾಣುತ್ತದೆ. ಹತ್ತನೆಯ ತರಗತಿಯ ಮಕ್ಕಳು ಇದನ್ನು ನಕ್ಷಾಹಾಳೆಯ ಮೇಲೆ ಒಂದು ಅವಧಿಯಲ್ಲಿ ಬಿಡಿಸಬಲ್ಲರು.

ಸಂಗ್ರಹದ ವಿಚಾರ ಚಿಕ್ಕದಾದರೂ ಬಿಡುವಂತಿಲ್ಲ. ಇಪ್ಪತ್ತನಾಲ್ಕು ಗಂಟೆಯ ಮಾದರಿಯೆಂದರೆ ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ, ಅಲ್ಲಿಂದ ಮರುದಿನ ಅದೇ ಹೊತ್ತಿನ ಮೊದಲ ಮೂತ್ರದವರೆಗೆ ಎಲ್ಲವನ್ನೂ ಕೂಡಿಸಿದ್ದು. ಶಾಲೆಗೆ ಹೋಗುವ ಮಗುವಿಗೆ ಇದು ಸುಲಭವಲ್ಲ. ರಜೆಯ ದಿನ ಮಾಡಿಸುವಂತೆ ಪಾಲಕರಿಗೆ ಹೇಳಬಹುದು. ಕೆಲವು ಪರೀಕ್ಷೆಗಳಿಗೆ ಕೊಡುವ ಡಬ್ಬಿಯ ತಳದಲ್ಲಿ ಆಮ್ಲ ಹಾಕಿರುತ್ತಾರೆ. ಅದನ್ನು ತೊಳೆದು ಚೆಲ್ಲಬಾರದು, ಮಕ್ಕಳ ಕೈಗೂ ಕೊಡಬಾರದು. ಒಂದೇ ಸಲದ ಮಾದರಿಯಾದರೆ ಕ್ರಿಯಾಟಿನಿನ್ ಎಂಬ ವಸ್ತುವಿಗೆ ಭಾಗಿಸಿ, ನೀರು ಹೆಚ್ಚು ಕುಡಿದಿದ್ದರ ಪರಿಣಾಮವನ್ನು ಸರಿದೂಗಿಸುತ್ತಾರೆ. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವಂಥದು. ಬಡಕಲು ಮಗುವಿನಲ್ಲಿ ಅದು ಕಡಿಮೆಯಿರುವುದರಿಂದ ಭಾಗಲಬ್ಧ ದೊಡ್ಡದಾಗಿ ಕಾಣುತ್ತದೆ.

ದೇಹದ ಭಿನ್ನತೆಯೂ ಅಂಕಿಯಲ್ಲಿ ಸೇರುತ್ತದೆಂಬುದಕ್ಕೆ ಕ್ರೀಡಾಲೋಕ ಸಾಕ್ಷಿ. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಬೆನ್ ಜಾನ್ಸನ್ ಪದಕ ಕಳೆದುಕೊಂಡದ್ದು ಮೂತ್ರದಲ್ಲಿ ಸ್ಟಾನೊಜೊಲೋಲ್ ಎಂಬ ಕೃತಕ ಸ್ಟೀರಾಯ್ಡು ಪತ್ತೆಯಾದುದರಿಂದ. ದೇಹದ್ದೇ ಆದ ಟೆಸ್ಟೋಸ್ಟೆರಾನನ್ನು ಹೊರಗಿನಿಂದ ತೆಗೆದುಕೊಂಡರೆ ಪತ್ತೆ ಕಷ್ಟ. ಅದಕ್ಕಾಗಿ ಎಪಿಟೆಸ್ಟೋಸ್ಟೆರಾನಿನೊಡನೆ ಅದರ ಅನುಪಾತವನ್ನು ನೋಡುತ್ತಾರೆ. ಅನುಮಾನದ ಗಡಿ ಮೊದಲು 6 ಇದ್ದು 2005ರಿಂದ 4ಕ್ಕೆ ಇಳಿಯಿತು. ಆದರೆ ಟೆಸ್ಟೋಸ್ಟೆರಾನಿಗೆ ಗ್ಲುಕುರೋನಿಕ್ ಆಮ್ಲ ಜೋಡಿಸುವ ಒಂದು ಕಿಣ್ವದ ವಂಶವಾಹಿ ಕೆಲವರಲ್ಲಿ ಇರುವುದೇ ಇಲ್ಲ. ಒಂದು ಅಧ್ಯಯನದಲ್ಲಿ ಅಂಥವರು ಸ್ವೀಡನ್ನಿನವರಲ್ಲಿ ನೂರಕ್ಕೆ ಸುಮಾರು 9, ಕೊರಿಯದವರಲ್ಲಿ ಸುಮಾರು 67. ಇವರ ಮೂತ್ರಕ್ಕೆ ಟೆಸ್ಟೋಸ್ಟೆರಾನ್ ಬರುವುದೇ ಅಲ್ಪ. ಔಷಧ ತೆಗೆದುಕೊಂಡರೂ ಅನುಪಾತ ಗಡಿ ದಾಟದಿರಬಹುದು. ಆದ್ದರಿಂದಲೇ ಈಗ ಇಂಗಾಲದ ಐಸೋಟೋಪುಗಳ ಅನುಪಾತವನ್ನು ಅಳೆದು, ಅಣು ದೇಹದಲ್ಲಿ ಹುಟ್ಟಿದ್ದೋ ಸಸ್ಯಮೂಲದಿಂದ ಕಾರ್ಖಾನೆಯಲ್ಲಿ ತಯಾರಾದದ್ದೋ ಎಂದು ತೀರ್ಮಾನಿಸುತ್ತಾರೆ.

ತರಗತಿಯಲ್ಲಿ ಈ ವಿಷಯ ತೆಗೆದಾಗ ಮೊದಲು ನಗು ಬರುತ್ತದೆ. 'ಮೂತ್ರ' ಎಂಬ ಪದ ಮಲಯಾಳ, ತೆಲುಗು, ಮರಾಠಿಗಳಲ್ಲಿಯೂ ಇರುವುದರಿಂದ ಆ ನಗುವಿಗೆ ಭಾಷೆಯ ಗಡಿಯಿಲ್ಲ. ಎರಡು ಸರಳ ಪ್ರಯೋಗಗಳಿಂದ ಪಾಠವನ್ನು ಹಿಡಿತಕ್ಕೆ ತರಬಹುದು. ಅರಿಶಿನ ಸವರಿ ಒಣಗಿಸಿದ ಕಾಗದದ ಮೇಲೆ ಸಾಬೂನಿನ ನೀರು, ಸುಣ್ಣದ ತಿಳಿ, ಸೋಡಾದ ದ್ರಾವಣ ಒಂದೊಂದು ಹನಿ ಹಾಕಿಸಿರಿ, ಎಲ್ಲವೂ ಕೆಂಪಾಗುತ್ತವೆ. ಯಾವ ಹನಿ ಯಾವುದರದೆಂದು ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಬಳಿಕ ಬಿಳಿ ಸೀಮೆಸುಣ್ಣದ ಕಡ್ಡಿಯ ಬುಡದಿಂದ ಒಂದು ಬೆರಳಗಲ ಮೇಲೆ, ನೀರಿನಲ್ಲಿ ಕರಗುವ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತ ಗೆರೆ ಎಳೆದು, ಗೆರೆ ಮುಳುಗದಷ್ಟು ನೀರಿನಲ್ಲಿ ನಿಲ್ಲಿಸಿರಿ. ನೀರು ಏರಿದಂತೆ ಕಪ್ಪು ಒಡೆದು ನೀಲಿ, ಕೆಂಪು, ಹಳದಿಗಳು ಬೇರೆಬೇರೆ ಎತ್ತರದಲ್ಲಿ ನಿಲ್ಲುತ್ತವೆ. ಎರಡು ಕಂಪನಿಗಳ ಕಪ್ಪು ಪೆನ್ನುಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಇನ್ನೂ ಒಳ್ಳೆಯದು.

ವರದಿ ತಂದ ಪಾಲಕರ ವಿಷಯದಲ್ಲಿ ಶಿಕ್ಷಕರ ಕೆಲಸ ರೋಗನಿರ್ಣಯವಲ್ಲ. ಅಂಕಿಯ ಪಕ್ಕದಲ್ಲಿ ಅಚ್ಚಾಗಿರುವುದನ್ನು ಓದಿ ಹೇಳುವುದು. ವಿಧಾನದ ಹೆಸರು, ಆ ಪ್ರಯೋಗಾಲಯದ್ದೇ ಆದ ಸಹಜ ಮಿತಿ, ಸಂಗ್ರಹದ ಅವಧಿ, ಏಕಮಾನ ಈ ನಾಲ್ಕನ್ನು ಹಾಳೆಯ ಮೇಲೆ ಗುರುತು ಮಾಡಿ, ಎರಡೂ ವರದಿಗಳನ್ನು ವೈದ್ಯರ ಬಳಿಗೆ ಒಯ್ಯುವಂತೆಯೂ, ಮತ್ತೆ ಪರೀಕ್ಷೆ ಬೇಕೆಂದರೆ ಮೊದಲಿನ ಪ್ರಯೋಗಾಲಯದಲ್ಲಿಯೇ ಮಾಡಿಸಬಹುದೇ ಎಂದು ಕೇಳುವಂತೆಯೂ ತಿಳಿಸಬೇಕು. ಏಕಮಾನವನ್ನು ಎಲ್ಲಕ್ಕಿಂತ ಮೊದಲು ನೋಡುವುದು ಒಳ್ಳೆಯದು. ಕೆಲವು ವರದಿಗಳು ಮೈಕ್ರೋಗ್ರಾಂನಲ್ಲಿಯೂ ಕೆಲವು ನ್ಯಾನೋಮೋಲ್‌ನಲ್ಲಿಯೂ ಇರುತ್ತವೆ. ಕಾರ್ಟಿಸೋಲಿನ ಅಣುತೂಕ ಸುಮಾರು 362.5, ಆದ್ದರಿಂದ 50 ಮೈಕ್ರೋಗ್ರಾಂ ಮತ್ತು 138 ನ್ಯಾನೋಮೋಲ್ ಒಂದೇ.